ಇದ್ದಿಲ ಗೆರೆ

"ಬಟ್ಟೆ ತೋರ್ಸು."

ಗುಡ್ಡಮ್ಮ ಒಂದು ಮಾರು ದೂರ ನಿಂತು ಕೋಲು ಚಾಚಿದಳು. ಕೊಟ್ಟಿಗೆಗೆ ಆನಿಸಿ ಕಟ್ಟಿದ ಸಣ್ಣ ಮಾಡಿನಲ್ಲಿ ಗೋಣಿತಟ್ಟಿನ ಮೇಲೆ ಕೂತಿದ್ದ ಸೊಸೆ ಲೋಕಮ್ಮ ಮಡಚಿಟ್ಟ ಹಳೆಯ ಬಟ್ಟೆಯನ್ನು ಮುಂದಕ್ಕೆ ತಳ್ಳಿದಳು. ಮುಟ್ಟಾಗಿ ಹೊರಗೆ ಕೂತವಳನ್ನು ಮೂರು ದಿನ ಯಾರೂ ಮುಟ್ಟುವಂತಿಲ್ಲ. ನೋಡಬಾರದೆಂದು ಮಾತ್ರ ಯಾವ ದೇವರೂ ಹೇಳಿಲ್ಲವಲ್ಲ! ಅತ್ತೆ ಕೋಲಿನ ತುದಿಯಿಂದ ಬಟ್ಟೆ ಎತ್ತಿ, ಬಿಸಿಲಿಗೆ ಹಿಡಿದು ಕಲೆಯನ್ನು ನೋಡಿದಳು. ಆಮೇಲೆ ಸೆರಗಿನ ತುದಿಯಲ್ಲಿದ್ದ ಇದ್ದಿಲ ಚೂರು ತೆಗೆದು ಕೊಟ್ಟಿಗೆಯ ಗೋಡೆಗೆ ಒಂದು ಗೆರೆ ಎಳೆದಳು.

ಅದು ನಾಲ್ಕನೆಯ ಗೆರೆ.

"ನಾಕಾತು. ನಿನ್ ಗಂಡ ಬಂದು ಕೇಳಿದ್ರೆ ತೋರ್ಸಾಕೆ ಇರ್ಲಿ."

"ತೋರ್ಸ್ರಿ ಅತ್ತೆ. ಬೇಕಾದ್ರೆ ಕೇರಿಯೋರ್ನೆಲ್ಲಾ ಕರ್ದು ತೋರ್ಸ್ರಿ."

ಲೋಕಮ್ಮನ ದನಿ ನಡುಗಲಿಲ್ಲ. ಕಾಲು ಮಾತ್ರ ಮೆಲ್ಲಗೆ ಸೀರೆಯೊಳಗೆ ಸರಿಯಿತು. ಒಡೆದ ಹಿಮ್ಮಡಿಯಲ್ಲಿ ಕಾರೆಮುಳ್ಳು ಚುಚ್ಚಿದ ಜಾಗ ಇನ್ನೂ ಹಸಿಯಾಗಿತ್ತು. ಬಟ್ಟೆಯ ರಕ್ತ ಅಲ್ಲಿಯದು.

ಅವಳ ಮುಟ್ಟು ನಿಂತುಹೋಗಿತ್ತು.

ನಲವತ್ತೆರಡರ ಹೆಂಗಸಿಗೆ ಅದು ಅಪರೂಪವೇನಲ್ಲ. ಬೇರೆ ಮನೆಯಾಗಿದ್ದರೆ ಪೀಡೆ ಕಳೆಯಿತೆಂದು ನಿಟ್ಟುಸಿರು ಬಿಡಬಹುದಿತ್ತು. ಆದರೆ ಒಬ್ಬಳೇ ಮಗಳು ವರದಮ್ಮ ಹುಟ್ಟಿದ ಮೇಲೆ ಇಪ್ಪತ್ತು ವರ್ಷದಿಂದ ಈ ಮನೆಯ ತೊಟ್ಟಿಲು ಅಟ್ಟದಿಂದ ಇಳಿದಿರಲಿಲ್ಲ. ಗಂಡು ಮಗುವಿಗಾಗಿ ಇನ್ನೊಬ್ಬಳನ್ನು ತರುವ ಮಾತೆದ್ದಾಗ ಗಂಡ ಕೆಂಪಪ್ಪ, "ಇವ್ಳು ತಿಂಗ್ಳು ತಿಂಗ್ಳೂ ಹೊರಗೆ ಕೂರ್ತಿರೋ ತಂಕ ಇನ್ನೊಂದು ಮದ್ವೆ ಮಾತಿಲ್ಲ" ಎಂದಿದ್ದ. ಅಂದು ಅದು ಅಭಯದ ಮಾತಿನಂತೆ ಕೇಳಿಸಿತ್ತು. ಈಗ ಅದೇ ಗಡುವಾಗಿತ್ತು. ಎರಡನೇ ಮದುವೆಗೆ ಕಾನೂನು ಅಡ್ಡ ಬಂದಿದೆಯೆಂದು ಸೊರಬದ ಅಳಿಯ ಹೇಳಿದ್ದೇನೋ ನಿಜ. ಆ ಕಾನೂನು ಬಸ್ಸಿಳಿದು ಈ ಊರಿನ ದಾರಿ ಹಿಡಿದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಹೋದ ವರ್ಷ ಒಮ್ಮೆ ಹತ್ತು ದಿನ ತಡವಾಗಿದ್ದಕ್ಕೇ ಗುಡ್ಡಮ್ಮ ಬಳ್ಳಿಗಾವಿಗೆ ಹೋಗಿ ಹೆಣ್ಣು ನೋಡಿ ಬಂದಿದ್ದಳು. ಹತ್ತೊಂಬತ್ತರ ಹುಡುಗಿ. ಹಾಗಾಗಿ ಈ ಸಲ ಲೋಕಮ್ಮ ಒಂದು ದಿನವೂ ಕಾಯಲಿಲ್ಲ. ಶಿವರಾತ್ರಿ ಮುಗಿಸಿದ ವಾರದಲ್ಲೇ ಕೆಂಪಪ್ಪ ಜೋಗದ ಕಡೆ ಅಣೆಕಟ್ಟಿನ ಕಲ್ಲು ಕೆಲಸಕ್ಕೆ ಹೊರಟುಹೋದ. ಯುಗಾದಿಗೂ ರಜೆ ಸಿಗಲಿಲ್ಲವೆಂದು ಕಾರ್ಡು ಬರೆಸಿದ. ಅವಳ ದಿನ ಬಂತು, ಮುಟ್ಟು ಬರಲಿಲ್ಲ. ಚಾಪೆ, ಚೊಂಬು ಎತ್ತಿಕೊಂಡು ಮಾಡಿಗೆ ಹೋಗಿ ಕೂತಳು. ಬಾವಿಗೆ ಹೋಗುವ ಹೆಂಗಸರೆಲ್ಲ ಕಂಡರು. ಕಾಣಲೆಂದೇ ಕೂತಿದ್ದಳು. ಮುಂದಿನ ತಿಂಗಳೂ ಹಾಗೆಯೇ, ಅದರ ಮುಂದಿನ ತಿಂಗಳೂ.

ಅತ್ತೆಯ ಕಣ್ಣಿಗೆ ಮಣ್ಣೆರಚಬಹುದು. ಮೈಗೆ ಎರಚುವುದು ಹೇಗೆ? ಮಧ್ಯಾಹ್ನವಾದರೆ ತಲೆ ಸುತ್ತುತ್ತಿತ್ತು. ಸುಮ್ಮನೆ ಕೂತಾಗಲೂ ಮುಖ ಬಿಸಿಯೇರಿ ಬೆವರು ಕಿತ್ತು ಬರುತ್ತಿತ್ತು. ಮುಟ್ಟು ನಿಲ್ಲುವ ಹೊತ್ತಿಗೆ ಹೀಗೆಲ್ಲ ಆಗುತ್ತದೆಂದು ತಾಯಿ ಹೇಳಿದ್ದು ನೆನಪಿತ್ತು. ಆದರೆ ಕಿಬ್ಬೊಟ್ಟೆಯಲ್ಲಿ ಕೈಗೆ ಸಿಗುತ್ತಿದ್ದ ಗಟ್ಟಿ ಉಂಡೆಯ ಬಗ್ಗೆ ತಾಯಿ ಏನೂ ಹೇಳಿರಲಿಲ್ಲ. ಪಕ್ಕದ ಮನೆಯ ಶಕುಂತಲಮ್ಮನಿಗೂ ಹೀಗೆಯೇ ಒಂದು ಗಡ್ಡೆ ಸಿಕ್ಕಿತ್ತು. ವರ್ಷ ತುಂಬುವುದರೊಳಗೆ ಆಕೆ ಹೋಗಿಬಿಟ್ಟಳು. ಲೋಕಮ್ಮನಿಗೆ ಸಾಯುವ ಹೆದರಿಕೆ ಇತ್ತು. ತಾನು ಸತ್ತ ಮೇಲೆ ತನ್ನ ಒಲೆಯ ಮುಂದೆ ಆ ಬಳ್ಳಿಗಾವಿಯ ಹುಡುಗಿ ಕೂರುವುದನ್ನು ನೆನೆದರೆ ಅದಕ್ಕಿಂತ ಹೆಚ್ಚು ಸಂಕಟವಾಗುತ್ತಿತ್ತು.

ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು, ಮಗಳ ಮುಖ ನೋಡಿ ಬರುತ್ತೇನೆಂದು ಹೊರಟಳು.

"ಸಂಜೀಗೆ ಬಂದ್ಬಿಡು," ಎಂದಳು ಗುಡ್ಡಮ್ಮ. "ಕಾರಹುಣ್ಣಿಮೆಗೆ ಕೆಂಪ ಬತ್ತಾನೆ. ಇವತ್ತೋ ನಾಳೆನೋ."

ಶಿರಾಳಕೊಪ್ಪದಲ್ಲಿ ಬಸ್ಸು ಹತ್ತಿ ಸೊರಬದಲ್ಲಿ ಇಳಿದವಳು ಮಗಳ ಮನೆಯ ಕಡೆ ತಿರುಗಲೇ ಇಲ್ಲ. ನೇರ ಆಸ್ಪತ್ರೆಗೆ ಹೋದಳು. ಹೆಂಗಸರ ಕೋಣೆಯಲ್ಲಿದ್ದ ವಯಸ್ಸಾದ ನರ್ಸಮ್ಮ ಅವಳನ್ನು ಮಲಗಿಸಿ ಹೊಟ್ಟೆ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಮುಖದಲ್ಲಿ ಏನೂ ಕಾಣಿಸಲಿಲ್ಲ.

"ಕಡೇ ಸಲ ಮುಟ್ಟಾಗಿದ್ದು ಯಾವಾಗ?"

ಲೋಕಮ್ಮ ಬಾಗಿಲ ಕಡೆ ನೋಡಿದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ನಿಜ ಹೇಳಿದಳು. "ಶಿವರಾತ್ರಿಗೆ ಹದಿನೈದು ದಿನ ಮುಂಚೆ. ಆಮ್ಯಾಲೆ ಇಲ್ಲ. ಗಡ್ಡೆ ಏನ್ರಮ್ಮ? ಎಷ್ಟು ದಿನ ಉಳೀತೀನಿ?"

"ಉಳಿಯೋದಾ?" ನರ್ಸಮ್ಮ ನಕ್ಕುಬಿಟ್ಟಳು. "ಗಡ್ಡೆಯೂ ಇಲ್ಲ, ಗಿಡ್ಡೆಯೂ ಇಲ್ಲ ಮಾರಾಯ್ತಿ. ಬಸುರಿ ನೀನು. ನಾಲ್ಕು ತಿಂಗಳು ತುಂಬ್ತು. ಮೊದ್ಲು ಮನೆಗೆ ಹೋಗಿ ಯಜಮಾನ್ರಿಗೆ ಹೇಳು."

ಬಸ್ಸಿನುದ್ದಕ್ಕೂ ಲೋಕಮ್ಮನ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಪಕ್ಕದಲ್ಲಿ ಕೂತಿದ್ದ ಮುದುಕಿ ಎರಡು ಸಲ ತಿರುಗಿ ನೋಡಿದಳು. ಇನ್ನು ಬಳ್ಳಿಗಾವಿಯ ಹುಡುಗಿಯ ಮಾತಿಲ್ಲ. ಮುಳ್ಳು ಬೇಡ, ಮಾಡು ಬೇಡ, ಅತ್ತೆಯ ಕೋಲು ಬೇಡ. ಅಟ್ಟದಿಂದ ತೊಟ್ಟಿಲು ಇಳಿಸಿ ತೊಳೆಯಬೇಕು. ಊರ ದಾರಿಯಲ್ಲಿ ಅವಳು ಹೆಚ್ಚುಕಡಿಮೆ ಓಡಿದಳು.

ಕೆಂಪಪ್ಪ ಬಂದಿದ್ದ. ತಲೆಯ ಟವೆಲನ್ನು ಇನ್ನೂ ಬಿಚ್ಚಿರಲಿಲ್ಲ. ಕೊಟ್ಟಿಗೆಯ ಮುಂದೆ ತಾಯಿಯ ಪಕ್ಕ ನಿಂತು ಗೋಡೆಯನ್ನು ನೋಡುತ್ತಿದ್ದವನು ಹೆಂಡತಿಯನ್ನು ಕಂಡು ಮುಖ ಅರಳಿಸಿದ. ಲೋಕಮ್ಮ ಬಾಯಿ ತೆರೆದಳು.

"ತಡಿ, ಮೊದ್ಲು ನಾನು ಹೇಳ್ಬೇಕು," ಎಂದಳು ಗುಡ್ಡಮ್ಮ. ಜನ್ಮದಲ್ಲಿ ಮೊದಲ ಸಲ ಸೊಸೆಯ ಪರ ವಹಿಸಿದ ಸಂಭ್ರಮ ಅವಳ ದನಿಯಲ್ಲಿತ್ತು. "ನಾನೇ ಸುಮ್ನೆ ಅನುಮಾನ ಪಟ್ಟೆ ಕಣೋ ಕೆಂಪ, ತಪ್ಪಾತು. ನೀ ಊರು ಬಿಟ್ಟ ಮ್ಯಾಲೆ ನಿನ್ ಹೆಂಡ್ತಿ ಒಂದ್ ತಿಂಗ್ಳೂ ತಪ್ಪಿಲ್ಲ. ನಾಕು ಸಲ ಮುಟ್ಟಾಗ್ಯಾಳೆ. ನಾಕು ಸಲಾನೂ ಬಟ್ಟೆ ನನ್ ಕಣ್ಣಾರೆ ನೋಡೀನಿ. ಕೇರಿಗೆ ಕೇರೀನೇ ಸಾಕ್ಷಿ."

ಲೋಕಮ್ಮ ತೆರೆದ ಬಾಯಿ ಮುಚ್ಚಿ, ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು.