ಎರಡೇ ಸಾಲಿನ ಹೇಳಿಕೆ

"ಮುಖ ನೋಡಲಿಲ್ಲ ಅಂತ ಬರೆದುಬಿಡಮ್ಮ," ಎಂದರು ಆಸ್ಪತ್ರೆಯ ಸೂಪರಿಂಟೆಂಡೆಂಟ್, ಬಿಳಿ ಹಾಳೆಯನ್ನು ಅವಳತ್ತ ಸರಿಸುತ್ತ. "ಗಲಾಟೆಯಲ್ಲಿ ಯಾರು ಹೊಡೆದರೋ ಗೊತ್ತಾಗಲಿಲ್ಲ ಅಂತ. ಎರಡೇ ಸಾಲು."

ಕಿರಿಯ ವೈದ್ಯೆ ಹಾಳೆ ಮುಟ್ಟಲಿಲ್ಲ. ಎಡ ಹುಬ್ಬಿಗೆ ನಾಲ್ಕು ಹೊಲಿಗೆ ಬಿದ್ದಿತ್ತು; ಕಣ್ಣು ಊದಿ ಅರ್ಧ ಮುಚ್ಚಿತ್ತು. ಹೊಡೆದವನು ಎದುರಿನ ಕುರ್ಚಿಯಲ್ಲೇ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ. ಮೀಸೆಗೆ ಅಂಟಿದ ಚೂರನ್ನು ನಾಲಿಗೆಯಿಂದ ಎಳೆದುಕೊಂಡ.

"ಅವರ ಕಡೆಯಿಂದಲೂ ಸ್ವಲ್ಪ ಯೋಚನೆ ಮಾಡು. ಕಣ್ಣೆದುರೇ ಒಂದು ಜೀವ ಕೈಜಾರಿ ಹೋಗಿದೆ. ಆ ಸಂಕಟದಲ್ಲಿ ಕೈ ಎತ್ತಿದ್ದಾರೆ."

ಸಂಕಟವಂತೆ! ನಿನ್ನೆ ರಾತ್ರಿ ಸತ್ತ ಆ ಲಾರಿ ಚಾಲಕನಿಗೆ ರಕ್ತ ನಿಲ್ಲುತ್ತಿಲ್ಲ ಎಂದು ಅವಳು ಮೂರು ಸಲ ಹೇಳಿದ್ದಳು. ಮೂರನೆಯ ಸಲ ಮಾತು ಮುಗಿಯುವ ಮೊದಲೇ ಏಟು ಬಿತ್ತು. ಟ್ರಾಲಿಯ ಅಂಚಿಗೆ ಹುಬ್ಬು ಬಡಿದು ಕುಸಿದಳು. ಕಂಡವರೆಲ್ಲ ಇಂದು ಬಾಯಿಗೆ ಬೀಗ ಹಾಕಿಕೊಂಡಿದ್ದರು.

"ನನ್ನ ಮಗಳ ವಯಸ್ಸು ನಿನಗೆ," ಎಂದ ಅವನು, ಬೆರಳು ಒರೆಸಿಕೊಳ್ಳುತ್ತ. "ತೆಪ್ಪಗೆ ನಿಂತಿದ್ದರೆ ಇಷ್ಟೆಲ್ಲ ಆಗ್ತಿತ್ತಾ? ಎದುರು ಮಾತಾಡಿದರೆ ಯಾರಿಗೆ ಸಿಟ್ಟು ಬರಲ್ಲ?"

"ತಪ್ಪಾಯ್ತು ಅಂತ ಒಂದು ಮಾತು ಹೇಳಿ, ಸಾಕು," ಎಂದಳು.

ಅವನು ನಕ್ಕ. ಸೂಪರಿಂಟೆಂಡೆಂಟ್ ಕಿಟಕಿಯತ್ತ ಮುಖ ತಿರುಗಿಸಿದರು. "ಅವರು ದೊಡ್ಡವರಮ್ಮ. ನಿನ್ನ ಮುಂದಿನ ದಾರಿ ನೋಡ್ಕೋ."

"ಮುಖ ಚೆನ್ನಾಗಿ ನೋಡಿದ್ದೀನಿ ಸರ್. ಹಾಗೇ ಬರೀತೀನಿ."

ಎದ್ದು ಹೊರಬಂದಳು. ಕಾರಿಡಾರಿನ ಸಿಂಕಿನಲ್ಲಿ ವಾಂತಿ ಮಾಡಿಕೊಂಡು, ಬಾಯಿ ತೊಳೆದು, ಗೋಡೆ ಹಿಡಿದು ಕೆಳಗಿಳಿದಳು.

ಅಂಗಳದಲ್ಲಿ ಇಡೀ ಆಸ್ಪತ್ರೆಯ ವೈದ್ಯರು ಅವಳಿಗಾಗಿ ಧರಣಿ ಕೂತಿದ್ದರು. ಜೊತೆಯಲ್ಲಿ ಓದಿದ ಗೆಳತಿ ಸರಿದು ಜಾಗ ಮಾಡಿಕೊಟ್ಟಳು. ಬೆಳಗಿನಿಂದ ಮೊದಲ ಸಲ ಅವಳ ಎದೆ ಹಗುರಾಯಿತು.

"ಹೆದರಬೇಡ ಕಣೇ, ನಾವೆಲ್ಲ ಇದ್ದೀವಿ. ನಿನಗೆ ಹೊಡೆದ ಅಂತ ಸತ್ತವನ ತಮ್ಮನನ್ನ ಪೊಲೀಸರು ಆಗಲೇ ಎಳ್ಕೊಂಡು ಹೋದ್ರು."

"ತಮ್ಮನನ್ನಾ? ಅವನು ಬಾಗಿಲಾಚೆ ನಿಂತು ಅಳ್ತಿದ್ದ ಕಣೇ!"

ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಮೈಕು ಕಿರುಚಿತು, ಚಪ್ಪಾಳೆ ಎದ್ದಿತು.

"ನಮ್ಮ ಹುಡುಗಿಯ ಮೇಲೆ ಕೈ ಮಾಡಿದವನನ್ನ ಸುಮ್ಮನೆ ಬಿಡಲ್ಲ!" ಎಂದು ವೇದಿಕೆಯಿಂದ ಗುಡುಗಿದ, ಈಗಷ್ಟೇ ಅವಳೆದುರು ಕೂತು ಚಹಾ ಕುಡಿದು ಬಂದಿದ್ದ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥ.