ತೋಟಕ್ಕೆ ಬಂದ ಕಳೆ

"ನಿಮ್ಮ ಕೈತೋಟಕ್ಕೆ ಎಂಥ ಕಳೆ ಬಂದಿದೆಯಮ್ಮ!"

ವಾಕಿಂಗ್ ಹೊರಟಿದ್ದ ಎದುರುಮನೆಯ ಟೀಚರಮ್ಮ ಗೇಟಿನ ಹತ್ತಿರ ನಿಂತು ಇಷ್ಟು ಹೇಳಿ ಹೋದರು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವರು. ಬೈದರೂ ಹೊಗಳಿದ ಹಾಗೇ ಕೇಳಿಸುತ್ತದೆ.

"ಕೇಳಿಸ್ತಾ? ಆಡಿಕೊಂಡು ಹೋದ್ರು," ಅಂದೆ, ಪೇಪರಿನ ಹಿಂದೆ ಅಡಗಿದ್ದ ನಮ್ಮ ಯಜಮಾನರಿಗೆ. "ಬದನೆಗಿಡ ಯಾವುದು, ಹುಲ್ಲು ಯಾವುದು ಅಂತ ಗೊತ್ತಾಗಲ್ಲ. ಕೀಳ್ರೀ ಅಂತ ಒಂದು ತಿಂಗಳಿಂದ ಬಡ್ಕೊಳ್ತಿದ್ದೀನಿ."

"ಕಳೆ ಅಂದ್ರೆ ಕಾಂತಿ ಕಣೇ! ಮದುಮಗಳ ಮುಖಕ್ಕೆ ಕಳೆ ಬಂತು ಅನ್ನಲ್ವಾ, ಹಾಗೆ. ಅಂಥವರು ಮೆಚ್ಚಿದ ಮೇಲೆ ಒಂದೆಳೆ ಹುಲ್ಲು ಕಿತ್ತರೂ ಪಾಪ ಬರುತ್ತೆ."

ಪಂದ್ಯ ಕಟ್ಟಿದೆವು. ಅವರು ಹೊಗಳಿದ್ದೇ ಆದರೆ ನಾನು ಇನ್ನು ಹುಲ್ಲಿನ ಸುದ್ದಿ ಎತ್ತಬಾರದು. ಬೈದಿದ್ದರೆ ಇವರು ಅವತ್ತೇ ಅಷ್ಟನ್ನೂ ಕೀಳಬೇಕು.

ಮರುದಿನ ಬೆಳಿಗ್ಗೆ ಟೀಚರಮ್ಮ ಒಂದು ಪೊಟ್ಟಣ ಹಿಡಿದು ಒಳಗೇ ಬಂದರು.

"ನಿಮ್ಮ ತೋಟದ ಕಳೆ ನೋಡಿ ಸುಮ್ಮನಿರೋಕೆ ಆಗಲಿಲ್ಲ. ನನ್ನದೊಂದು ಪುಟ್ಟ ಉಡುಗೊರೆ."

ಇವರು ನನ್ನತ್ತ ನೋಡಿ ಮೀಸೆ ತಿರುವಿದರು. "ಬೈಯೋರು ಯಾರಾದ್ರೂ ಉಡುಗೊರೆ ಕೊಡ್ತಾರೇನೇ?" ಅಂತ ಪಿಸುಗುಟ್ಟಿ, ಪೊಟ್ಟಣವನ್ನು ತಾವೇ ಇಸಿದುಕೊಂಡು ಬಿಚ್ಚಿದರು.

ಒಳಗೆ ಕಳೆ ಕೀಳುವ ಹೊಸ ಕುರ್ಪಿ ಇತ್ತು.

"ಹಿಡಿ ಸರಿಹೋಗುತ್ತಾ ನೋಡಪ್ಪ," ಅಂದರು ಟೀಚರಮ್ಮ. "ಗಂಡಸರ ಕೈಗೆ ಅಂತಲೇ ಕೇಳಿ ತಂದೆ."