ಆರನೆಯ ಸ್ವರದ ಕುಡಿಕೆ

ಆ ಬೆಳಿಗ್ಗೆ ಅಟ್ಲಾಸ್ ಬೆಟ್ಟದಾಚೆಯಿಂದ ಬಂದ ಚಳಿಗಾಳಿ ನಡುನಡುವೆ ಸದ್ದು ಕಳೆದುಕೊಂಡು, ಹರಿದ ಕಂಬಳಿಯಂತೆ ಬೀಸುತ್ತಿತ್ತು. ಅದರ ಕಾರಣ ಗೊತ್ತಿದ್ದ ಇತ್ತೊ ಎಂಬಾಕೆ ಕಿಟಕಿ ಮುಚ್ಚಿದಳು.

ಅವಳ ಊರಿನ ಹಾಡಿಗೆ ದೇವರು ಕೊಟ್ಟದ್ದು ಐದೇ ಸ್ವರ. ಮದುವೆ ಬಂದರೆ ಬೆಟ್ಟದಾಚೆ ಊರಿನಿಂದ ಆರನೆಯದನ್ನು ಮಣ್ಣಿನ ಕುಡಿಕೆಯಲ್ಲಿ ಎರವಲು ತರುತ್ತಿದ್ದರು, ಕುಣಿತ ಮುಗಿದೊಡನೆ ಮರಳಿಸುತ್ತಿದ್ದರು. ಮರಳಿಸುವವರೆಗೆ ಆ ಸ್ವರ ಕೊಟ್ಟವರ ಊರಿನ ಗಾಳಿಗೂ ಇಲ್ಲ, ಗಂಟಲಿಗೂ ಇಲ್ಲ. ತಂಗಿಯ ಮದುವೆಗೆ ತಂದದ್ದನ್ನು ಇತ್ತೊ ಉಳಿಸಿಕೊಂಡಿದ್ದಳು. ನಿದ್ದೆಯಿಲ್ಲದೆ ಸೊರಗುತ್ತಿದ್ದ ಅವಳ ಕೂಸು ಆ ಸ್ವರ ಬೆರೆತ ಜೋಗುಳಕ್ಕೆ ಮಾತ್ರ ಕಣ್ಣು ಮುಚ್ಚುತ್ತಿತ್ತು.

ಆಚೆ ಊರಿನ ಮುದುಕಿ ತೂದಾ ಬಾಗಿಲಿಗೆ ಬಂದು ನಿಂತಳು.

"ಏನವ್ವ, ಮದುಮಗಳು ಬಸುರಿ ಆದ್ಲಂತೆ. ನಿಮ್ಮ ಮದುವೆ ಇನ್ನೂ ಮುಗೀಲಿಲ್ವೋ?"

"ಮೆಲ್ಲಗೆ ಮಾತಾಡಜ್ಜಿ, ಕೂಸು ಮಲಗಿದೆ."

"ನಮ್ಮಲ್ಲೂ ಕೂಸುಗಳಿವೆ ಮಗಳೇ. ಅಳೋಕೆ ಬಾಯಿ ತೆಗೀತವೆ, ಕೂಸಿನ ಅಳು ಆ ಸ್ವರದಲ್ಲೇ ಅಲ್ವಾ, ಸದ್ದು ಬರೋದಿಲ್ಲ. ನಿನ್ನೆ ಒಂದು ಅಂಬೆಗಾಲಿಟ್ಟು ಹೋಗಿ ಒಲೆಗೆ ಬಿತ್ತು. ಗೋಡೆಯಾಚೆಗಿದ್ದ ತಾಯಿಗೆ ಕೇಳಿಸಲೇ ಇಲ್ಲ."

ಇತ್ತೊ ಗೋಡೆಯ ಗೂಡಿನಿಂದ ಕುಡಿಕೆ ತೆಗೆದಳು. ಅದರ ಬಾಯಿಗೆ ತುಟಿಯಿಟ್ಟು ಆ ಸ್ವರವನ್ನು ಕೊನೆಯ ಸಲ ಅದರೊಳಕ್ಕೆ ಹಾಡಿ, ಮೇಣದಿಂದ ಮುಚ್ಚಿದಳು. ತೊಟ್ಟಿಲಲ್ಲಿ ಕೂಸು ಕಣ್ಣು ತೆರೆಯಿತು. ಅವಳು ಅತ್ತ ನೋಡದೆ ಕುಡಿಕೆಯನ್ನು ತೂದಾಳ ಕೈಗಿಟ್ಟಳು.